ಪದಚರ್ಚೆ: ಪ್ರೋಟೀನ್ ‘ಮಾರ್ಕರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಭ್ರೂಣದಲ್ಲಿ ತಲೆ ಮತ್ತು ದವಡೆಯ ಸ್ನಾಯುಗಳು ಹೇಗೆ ಮೂಡುತ್ತವೆ ಅಂತ ಪಿಯುಸಿ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಮಾರ್ಕರ್’ (ಒಂದು ಕೋಶ ಯಾವ ಬಗೆಯದು ಅಂತ ತಿಳಿಸುವ ಪ್ರೋಟೀನ್) ಅನ್ನುವ ಪದ ಸಾಲು ಸಾಲಿಗೂ ಬರುತ್ತದೆ. ಸುಮ್ನೆ ಹಾಗೇ ಬಿಡಬಹುದಿತ್ತು. ಆದರೆ ಮಕ್ಕಳಿಗೆ ಮಾರ್ಕರ್ ಅಂದರೆ ಬಿಳಿ ಹಲಗೆಯ ಮೇಲೆ ಬರೆಯುವ ಪೆನ್ನು, ಅಲ್ವಾ?

ಸಂದರ್ಭ ಹೇಳಿಬಿಡುತ್ತೇನೆ. ಜೀಬ್ರಾ ಮೀನಿನ ಭ್ರೂಣ ಗಾಜಿನ ಹಾಗೆ ಪಾರದರ್ಶಕ. ಆದರೂ ಮುಂದೆ ದವಡೆಯ ಸ್ನಾಯುಗಳಾಗುವ ಕೋಶಗಳನ್ನು ಬರಿ ನೋಟದಲ್ಲಿ ಬೇರ್ಪಡಿಸಲು ಆಗುವುದಿಲ್ಲ, ಎಲ್ಲವೂ ಒಂದೇ ಥರ. 1990ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಚಾರ್ಲ್ಸ್ ಕಿಮ್ಮೆಲ್ ಮತ್ತು ಜೊತೆಗಾರರು ಎನ್‌ಗ್ರೇಲ್ಡ್ ಎಂಬ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಹಾಕಿ ಬಣ್ಣ ಬರಿಸಿದರು. ದವಡೆಯ ಎಲ್ಲ ಸ್ನಾಯುಗಳಿಗೂ ಬಣ್ಣ ಬರಲಿಲ್ಲ. ಕೆಲವಕ್ಕೆ ಮಾತ್ರ ಬಂತು. ಅವುಗಳಲ್ಲೊಂದು ಕಿವಿರಿನ ಮುಚ್ಚಳ ತೆರೆಯುವ ಸ್ನಾಯು. ಅದೂ ಸ್ನಾಯುವಿನ ಎಳೆಗಳು ಮೂಡುವ ಮೊದಲೇ, ಕೋಶಕೇಂದ್ರದಲ್ಲಿ ಬಣ್ಣ ಕಾಣುತ್ತಿತ್ತು. ಅಂದರೆ ಯಾವ ಕೋಶ ಯಾವ ಸ್ನಾಯುವಿಗೆ ಸೇರಲಿದೆ ಅಂತ ಮೊದಲೇ ಹೇಳುವಂಥ ಪ್ರೋಟೀನ್ ಅದು.

ಇದಕ್ಕೆ ‘ಸೂಚಕ’ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಲಿಟ್ಮಸ್‌ಗೆ ಶಾಲೆಯಲ್ಲಿ ಸೂಚಕ ಅಂತಲೇ ಕಲಿಸುತ್ತೇವೆ. ಲಿಟ್ಮಸ್ ನಾವು ಹೊರಗಿನಿಂದ ಹಾಕುವ ವಸ್ತು. ಈ ಪ್ರೋಟೀನ್ ಕೋಶದ್ದೇ ಸ್ವಂತದ್ದು.

‘ಗುರುತು’ ಎಲ್ಲರಿಗೂ ತಿಳಿಯುವ ಪದ, ಆದರೆ ‘ದವಡೆ ಸ್ನಾಯುವಿನ ಗುರುತು’ ಅಂದರೆ ಗಾಯದ ಕಲೆಯ ನೆನಪಾಗುತ್ತದೆ. ‘ಗುರುತಿನ ಪ್ರೋಟೀನ್’ ಅಂದರೆ ಸರಿಹೋದೀತು. ಅಲ್ಲೂ ಒಂದು ತೊಡಕಿದೆ. ಕುರಿಯ ಬೆನ್ನಿಗೆ ಬಣ್ಣ ಬಳಿದು ಗುರುತು ಮಾಡುವುದು ಬೇರೆ, ಕೊಂಬಿನ ಡೊಂಕು ನೋಡಿ ಇದು ನಮ್ಮ ಟಗರು ಅನ್ನುವುದು ಬೇರೆ. ಕೊಂಬು ಇರುವುದು ಹಾಯಲಿಕ್ಕೆ. ಎನ್‌ಗ್ರೇಲ್ಡ್‌ಗೂ ತನ್ನದೇ ಕೆಲಸ ಇದೆ, ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳನ್ನು ಹತೋಟಿಯಲ್ಲಿಡುತ್ತದೆ. ನಮಗೆ ಅದು ಗುರುತಾಗಿ ಒದಗಿದ್ದು ಆಮೇಲಿನ ಮಾತು.

ಹಾಗಾಗಿ ನನ್ನ ಒಲವು ‘ಕುರುಹು’ ಕಡೆಗೆ. ವಚನಗಳನ್ನು ಓದಿದವರಿಗೆ ಇಷ್ಟಲಿಂಗ ನೆನಪಾದೀತು, ಅದೇನು ತೊಂದರೆ ಇಲ್ಲ. ಇದಕ್ಕೆ ಇನ್ನೊಂದು ಅನುಕೂಲವೂ ಇದೆ. ಮಾರ್ಕರ್‌ಗಳಲ್ಲಿ ಬಗೆಗಳಿವೆ. ಮಯೋಡಿ ಪ್ರೋಟೀನ್ ಕಂಡರೆ ಆ ಕೋಶ ಸ್ನಾಯುವಾಗಲು ಹೊರಟಿದೆ ಅಂತ ಅರ್ಥ, ಮೈಯಲ್ಲಾಗಲಿ ತಲೆಯಲ್ಲಾಗಲಿ. ಮಯೋಸಿನ್ ಕಂಡರೆ ಎಳೆ ಕಟ್ಟಲು ಶುರುವಾಗಿದೆ ಅಂತ. ಇವು ‘ಹಂತದ ಕುರುಹು’. ಪ್ಯಾಕ್ಸ್3 ಎಂಬ ಪ್ರೋಟೀನ್ ಮೈಯ ಸ್ನಾಯುಗಳ ಮೂಲಕೋಶಗಳಲ್ಲಿದೆ, ದವಡೆ ಸ್ನಾಯುವಿನ ಮೂಲಕೋಶಗಳಲ್ಲಿಲ್ಲ. ಅಲ್ಲಿರುವುದು ಟಿಬಿಎಕ್ಸ್1, ಪಿಟ್‌ಎಕ್ಸ್2 ಥರದವು. ಇವು ‘ಜಾಗದ ಕುರುಹು’. ಈ ವ್ಯತ್ಯಾಸ ಸಣ್ಣದಲ್ಲ. ಪ್ಯಾಕ್ಸ್3 ಮತ್ತು ಮಿಫ್5 (ಮಯೋಡಿಯ ಹಾಗೆಯೇ ಕೋಶವನ್ನು ಸ್ನಾಯುವಿನ ಹಾದಿಗೆ ಹಚ್ಚುವ ಪ್ರೋಟೀನ್) ಎರಡೂ ಇಲ್ಲದ ಇಲಿ ಭ್ರೂಣಗಳಲ್ಲಿ ಮೈಯ ಸ್ನಾಯುಗಳು ಮೂಡುವುದಿಲ್ಲ, ತಲೆಯವು ಮೂಡುತ್ತವೆ!

ಬಹುವಚನದಲ್ಲಿ ‘ಕುರುಹುಗಳು’ ಸ್ವಲ್ಪ ನಾಲಿಗೆಗೆ ತೊಡರುತ್ತದೆ, ನಿಜ. ನಿಮಗೆ ಏನನ್ನಿಸುತ್ತದೆ?

ಜೊತೆಗೆ ಇನ್ನೊಂದು. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ ಪಠ್ಯಗಳಲ್ಲಿ ‘ಸ್ನಾಯುರಜ್ಜು’ ಅಂತಿದೆ. ತಲೆಯಲ್ಲಿ ಈ ಹುರಿ ಹುಟ್ಟುವುದು ನರಶಿಖೆಯ (ಭ್ರೂಣದಲ್ಲಿ ನರಮಂಡಲ ಮೂಡುವ ಜಾಗದ ಅಂಚಿನ) ಕೋಶಗಳಿಂದ, ಸ್ನಾಯು ಹುಟ್ಟುವುದು ಭ್ರೂಣದ ನಡುಪದರದಿಂದ. ಸ್ನಾಯುರಜ್ಜು ಅಂದ ಕೂಡಲೇ ಸ್ನಾಯುವೇ ಹೊಸೆದುಕೊಂಡ ಹಗ್ಗ ಅನ್ನಿಸುತ್ತದೆ. ಆಡುಮಾತಿನಲ್ಲಿ ಇದಕ್ಕೂ ‘ನರ’ ಅಂದುಬಿಡುತ್ತೇವೆ, ಅದು ಇನ್ನೂ ಗೊಂದಲ. ಪಶುವೈದ್ಯರು, ಮೀನುಗಾರಿಕೆಯವರು ಯಾರಾದರೂ ಇಲ್ಲಿದ್ದರೆ, ನಿಮ್ಮ ಕಡೆ ಈ ಹುರಿಗೆ ಬೇರೆ ಹೆಸರಿದೆಯಾ?