ಮೂರು ಗುಂಡಿನ ಕಾಗದ ನೋಡಿ ರೈಫಲ್ ಕೊಳ್ಳಬಹುದೇನ್ರಿ?

ಪ್ರಶ್ನೆ (ಜಮಖಂಡಿ): ನಮಸ್ಕಾರ್ರಿ ಸರ್. ಲೈಸೆನ್ಸ್ ಐತಿ, .30-06 ಬೋರಿಗೆ ಮಂಜೂರಾತಿ ಆಗೇತಿ. ಬೆಳಗಾವಿಯೊಳಗ ಒಂದು ಹಳೇ ಮನೆತನದವರ ಕಡೆ ಮೌಸರ್ 98 ಆ್ಯಕ್ಷನ್ ಮ್ಯಾಲ ಕಟ್ಟಿದ ಬೇಟೆ ರೈಫಲ್ ಮಾರಾಟಕ್ಕೈತಿ. ವಾಲ್ನಟ್ ಕಟ್ಟಿಗಿ, ಕೆತ್ತನಿ, ಸ್ಕೋಪ್ ಎಲ್ಲಾ ಸೇರಿ ರೇಟು ಭಾಳ ಹೇಳ್ಯಾರ. 100 ಮೀಟರಿಗೆ ಮೂರು ಗುಂಡು ಒಂದಕ್ಕೊಂದು ತಾಗಿ ಬಿದ್ದ ಟಾರ್ಗೆಟ್ ಕಾಗದಾ ತೋರಸ್ತಾರ. ಇಷ್ಟ ನೋಡಿ ರೊಕ್ಕಾ ಕೊಡಬಹುದೇನ್ರಿ? ಟೆಸ್ಟಿಗೆ ನನಗ ಸಿಗೋದು ಒಂದ ಪೆಟ್ಟಿಗಿ, 20 ಕಾಡತೂಸು.

ಉತ್ತರ (ನಿವೃತ್ತ ಆರ್ಮರರ್, ಅಂದರೆ ಬಂದೂಕು ದುರಸ್ತಿಗಾರ, ಬೆಳಗಾವಿ ಕ್ಯಾಂಪ್): ಆ ಕಾಗದ ಮಡಚಿ ಅವರಿಗೇ ವಾಪಸ್ ಕೊಡಿ. ಎಷ್ಟು ಕಾಗದಗಳಲ್ಲಿ ಅದೊಂದನ್ನು ಎತ್ತಿಟ್ಟುಕೊಂಡಿದ್ದಾರೋ ನಿಮಗೆ ಗೊತ್ತಾಗುವುದಿಲ್ಲ. ನಿಮ್ಮ 20 ಕಾಡತೂಸುಗಳನ್ನೂ ಈಗಲೇ ತೆಗೆಯಬೇಡಿ. ಮುಕ್ಕಾಲು ಪಾಲು ಪರೀಕ್ಷೆ ಒಂದು ಗುಂಡೂ ಹಾರಿಸದೆ ಮೇಜಿನ ಮೇಲೆಯೇ ಆಗುತ್ತದೆ. ಮೇಜಿನ ಮೇಲೆ ಸೋತ ರೈಫಲ್ಲಿಗೆ ರೇಂಜಿನಲ್ಲಿ ಕಾಡತೂಸು ಸುಡುವುದು ದಂಡ.

ಮೊದಲು ಮ್ಯಾಗಜೀನ್ ಖಾಲಿ, ಚೇಂಬರ್ (ಬ್ಯಾರಲ್ಲಿನಲ್ಲಿ ಕಾಡತೂಸು ಕೂರುವ ಜಾಗ) ಖಾಲಿ. ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿಯೂ ನೋಡಿ. ಆಮೇಲೆ ಬೋಲ್ಟ್ (ಚೇಂಬರ್ ತೆರೆದು ಮುಚ್ಚುವ, ಹಿಡಿಕೆ ಇರುವ ಉಕ್ಕಿನ ದಂಡ) ತೆಗೆದು ಪಕ್ಕಕ್ಕಿಡಿ.

ನಿಮ್ಮದು ಮೌಸರ್ 98 ಆ್ಯಕ್ಷನ್ ಎಂದಿರಿ. ಆ್ಯಕ್ಷನ್ ಅಂದರೆ ಬೋಲ್ಟ್ ಮತ್ತು ಅದು ಓಡಾಡುವ ಉಕ್ಕಿನ ಚೌಕಟ್ಟು (ರಿಸೀವರ್) ಸೇರಿದ ಭಾಗ. ಹಾಗಾದರೆ ಮೊದಲ ಪ್ರಶ್ನೆ: ಅದು ಬೇಟೆ ರೈಫಲ್ಲಿಗೆಂದೇ ತಯಾರಾದ ಆ್ಯಕ್ಷನ್ನೋ, ಮಿಲಿಟರಿ ಆ್ಯಕ್ಷನ್ ತಂದು ಬದಲಿಸಿದ್ದೋ? ರಿಸೀವರಿನ ಎಡಗೋಡೆಯಲ್ಲಿ ಹೆಬ್ಬೆರಳು ಇಳಿಯಲೆಂದು ಕೊರೆದ ತಗ್ಗು ಇದ್ದರೆ ಮೂಲ ಮಿಲಿಟರಿ. ಅದೇನೂ ತಪ್ಪಲ್ಲ, ಒಳ್ಳೆಯ ಕೈಗೆ ಸಿಕ್ಕವು ಅತ್ಯುತ್ತಮ ರೈಫಲ್‌ಗಳಾಗಿವೆ. ಆದರೆ ಮಿಲಿಟರಿ ಮ್ಯಾಗಜೀನ್ ಅಳತೆ 8x57 ಕಾಡತೂಸಿಗೆ, ಅದರ ಪೂರ್ತಿ ಉದ್ದ ಸುಮಾರು 82 ಮಿ.ಮೀ. .30-06ರದು ಸುಮಾರು 85. ಈ ಮೂರು ಮಿಲಿಮೀಟರಿಗಾಗಿ ಮ್ಯಾಗಜೀನ್ ಹಿಗ್ಗಿಸುವಾಗ ಕಾಡತೂಸು ಹತ್ತುವ ಇಳಿಜಾರನ್ನೂ ಮುಂದಕ್ಕೆ ಉಜ್ಜುತ್ತಾರೆ. ಆ ಇಳಿಜಾರಿನ ಎದುರಿಗೇ ಬೋಲ್ಟಿನ ಕೆಳಗಿನ ಲಗ್ (ಬೋಲ್ಟನ್ನು ಬಿಗಿಹಿಡಿಯುವ ಹಲ್ಲು) ಒರಗುವ ಜಾಗ ಇದೆ. ಹೆಚ್ಚು ಉಜ್ಜಿದರೆ ಲಗ್ಗಿನ ಬೆನ್ನಿಗಿರುವ ಉಕ್ಕೇ ತೆಳುವಾಗುತ್ತದೆ, ಜೊತೆಗೆ ಮೇಲಿನ ಗಟ್ಟಿ ಪದರವೂ ಹೋಗುತ್ತದೆ. ಟಾರ್ಚ್ ಹಾಕಿ ನೋಡಿ. ಅಲ್ಲಿ ಒರಟು ಗ್ರೈಂಡರ್ ಗುರುತು ಕಂಡರೆ ಕೆತ್ತನೆ ಎಷ್ಟೇ ಚೆಂದ ಇರಲಿ, ಕೈಮುಗಿದು ಬನ್ನಿ.

ಎರಡನೆಯದು ಲಗ್‌ಗಳ ಕೂರಿಕೆ. ಮುಂದಿನ ಎರಡೂ ಲಗ್‌ಗಳ ಹಿಂಬದಿಯ ಎಣ್ಣೆ ಒರೆಸಿ, ಪರ್ಮನೆಂಟ್ ಮಾರ್ಕರಿನಿಂದ ಕಪ್ಪು ಮಾಡಿ. ಡಮ್ಮಿ ಕಾಡತೂಸು ಹಾಕಿ, ಬೋಲ್ಟನ್ನು ಹಿಂದಕ್ಕೆ ಎಳೆದು ಹಿಡಿದುಕೊಂಡೇ ಹಿಡಿಕೆಯನ್ನು ಹತ್ತು-ಹದಿನೈದು ಸಲ ಎತ್ತಿ ಇಳಿಸಿ. ಎರಡರ ಮೇಲೂ ಬಣ್ಣ ಸಮನಾಗಿ ಸವೆದಿರಬೇಕು. ಒಂದರ ಮೇಲೆ ಬಣ್ಣ ಹಾಗೇ ಉಳಿದಿದ್ದರೆ ಗುಂಡಿನ ಹೊಡೆತವೆಲ್ಲ ಇನ್ನೊಂದೇ ಹೊರುತ್ತಿದೆ ಎಂದರ್ಥ. ಪ್ರತಿ ಸಲವೂ ಬೋಲ್ಟ್ ಒಂದು ಕಡೆ ವಾಲುತ್ತದೆ, ಗ್ರೂಪ್ (ಗುಂಡು ಬಿದ್ದ ರಂಧ್ರಗಳ ಗುಂಪು) ಹರಡುತ್ತದೆ. ಪ್ರೀಮಿಯಂ ಎಂದು ಹಣ ಕೇಳುವವರು ಹಣ ಹಾಕಬೇಕಾದ ಜಾಗವೇ ಇದು, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ಕಾಡತೂಸು ಒರಗುವ ಜಾಗಕ್ಕೂ ನಡುವಿನ ಅಳತೆ) ಗೇಜ್ ಹಾಕಿ ನೋಡದೆ ಹಳೇ ರೈಫಲ್ ಹಾರಿಸಬೇಡಿ. ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರ ಗೋ ಮತ್ತು ನೋ-ಗೋ ಎರಡೂ ಇರುತ್ತವೆ. ಫೈರಿಂಗ್ ಪಿನ್ ಜೋಡಣೆ ಬಿಚ್ಚಿ, ಎರಡೇ ಬೆರಳಿನಲ್ಲಿ ಬೋಲ್ಟ್ ಮುಚ್ಚಬೇಕು. ಗೋ ಮೇಲೆ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಬಲ ಹಾಕಿದರೆ ಗೇಜೂ ಸುಳ್ಳು ಹೇಳುತ್ತದೆ. ಮಾರುವವರ ಬಳಿ ಈ ರೈಫಲ್ಲಿನಲ್ಲೇ ಹಾರಿಸಿದ ಖಾಲಿ ಕೇಸ್ ಇದ್ದರೆ ಕೇಳಿ. ಬುಡದಿಂದ ತುಸು ಮೇಲೆ ಸುತ್ತಲೂ ಹೊಳೆಯುವ ಉಂಗುರ ಕಂಡರೆ ಹಿತ್ತಾಳೆ ಅಲ್ಲಿ ಹಿಗ್ಗಿ ತೆಳುವಾಗಿದೆ. ತುದಿ ಬಾಗಿಸಿದ ಸಣ್ಣ ತಂತಿಯಿಂದ ಕೇಸಿನ ಒಳಗೋಡೆ ಕೆರೆದು ನೋಡಿ, ತಗ್ಗು ಸಿಕ್ಕರೆ ಅನುಮಾನವೇ ಬೇಡ.

ಈಗ ಬ್ಯಾರಲ್. ಮೊದಲು ಒಣ ಅರಿವೆಯಿಂದ ಒರೆಸಿ, ಎಣ್ಣೆ ತುಂಬಿದ ಬೋರ್ ಎಲ್ಲ ಕಲೆಗಳನ್ನೂ ಮುಚ್ಚುತ್ತದೆ. ಬೆಳಕಿಗೆ ಹಿಡಿದು ಎರಡೂ ತುದಿಯಿಂದ ನೋಡಿ. ಒಂದೇ ಒಂದು ಕಡೆ ಉಂಗುರದಂಥ ಕಪ್ಪು ನೆರಳು ಕಂಡರೆ ಹಿಂದೆಂದೋ ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಹಾರಿಸಿ ಬ್ಯಾರಲ್ ಉಬ್ಬಿದೆ. ಅಂಥದ್ದು ಬೇಡ. ಚೇಂಬರಿನ ಮುಂದೆ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರು) ಶುರುವಾಗುವ ಜಾಗ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದ್ದರೆ ಬಹಳ ಗುಂಡು ಕಂಡ ಬ್ಯಾರಲ್. ಹಳೇ ಕಾಡತೂಸುಗಳ ಪ್ರೈಮರ್ (ಪಿನ್ ಬಡಿದಾಗ ಸಿಡಿದು ಪೌಡರಿಗೆ ಬೆಂಕಿ ಕೊಡುವ ಬುಡದ ಟೋಪಿ) ಬೋರಿನಲ್ಲಿ ಉಪ್ಪು ಬಿಡುತ್ತಿತ್ತು. ಬರೀ ಎಣ್ಣೆ ಹಾಕಿ ಇಟ್ಟವರ ರೈಫಲ್‌ಗಳಲ್ಲಿ ಸಣ್ಣ ಸಣ್ಣ ತುಕ್ಕಿನ ಕುಳಿಗಳು ಸಾಮಾನ್ಯ, ಆ ಉಪ್ಪು ಕರಗುವುದು ನೀರಿಗೆ, ಎಣ್ಣೆಗಲ್ಲ. ತೆಳುವಾದ ಕುಳಿಗಳಿದ್ದರೂ ರೈಫಲ್ ಚೆನ್ನಾಗಿ ಹೊಡೆಯಬಹುದು, ಆದರೆ ತಾಮ್ರ ಬೇಗ ಮೆತ್ತಿಕೊಳ್ಳುತ್ತದೆ. ಬೆಲೆ ಇಳಿಸಲು ಅದು ಸಾಕು.

ಬಿಗಿಯಾದ ಅರಿವೆ ಕಟ್ಟಿದ ರಾಡನ್ನು ನಿಧಾನವಾಗಿ ತಳ್ಳಿ, ಬಿಗಿ ಉದ್ದಕ್ಕೂ ಒಂದೇ ಸಮ ಇರಬೇಕು. ರಾಡಿನ ಮೇಲೆ ಗುರುತು ಹಾಕಿದರೆ ತಿರುವೂ ಸಿಗುತ್ತದೆ. .30-06ಕ್ಕೆ ಸಾಮಾನ್ಯವಾಗಿ 10 ಇಂಚಿಗೆ, ಅಂದರೆ 254 ಮಿ.ಮೀ.ಗೆ ಒಂದು ಸುತ್ತು.

ಕೊನೆಗೆ ಬಾಯಿ, ಅಂದರೆ ಬ್ಯಾರಲ್ಲಿನಿಂದ ಗುಂಡು ಹೊರಬೀಳುವ ತುದಿ. ಹಿಂದಿನ ಕಾಲದಲ್ಲಿ ಬಾಯಿಯ ಕಡೆಯಿಂದಲೇ ರಾಡ್ ಹಾಕಿ ಉಜ್ಜುತ್ತಿದ್ದರು, ಅಂಚು ಒಂದು ಕಡೆ ಸವೆದು ಮೊಟ್ಟೆಯಾಕಾರ ಆಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಗೆ ಸುತ್ತಲೂ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳು ಎದ್ದಿದೆ. ಗುಂಡು ಹೊರಬೀಳುವಾಗ ಹಿಂದಿನ ಗಾಳಿ ಆ ಕಡೆ ಮೊದಲು ನುಗ್ಗಿ ಅದನ್ನು ವಾಲಿಸುತ್ತದೆ. ಇದಕ್ಕೆ ಹೆದರಬೇಕಿಲ್ಲ, ಲೇತ್ ಮೇಲೆ ಬಾಯಿ ಹೊಸದಾಗಿ ಕತ್ತರಿಸಿದರೆ ಸರಿಹೋಗುತ್ತದೆ.

ಪ್ರಶ್ನೆ (ಖಾನಾಪುರ): ಸರ್, ಕಟ್ಟಿಗಿ ಬಗ್ಗೆ ಹೇಳಲಿಲ್ಲಲಾ. ನಮ್ಮ ಕಡೆ ಮಳಿಗಾಲದಾಗ ಬಾಗಲಾ ಮುಚ್ಚಾಕ ಬರೂದಿಲ್ಲ, ಅಷ್ಟು ಉಬ್ಬತಾವ. ರೈಫಲ್ ಕಟ್ಟಿಗೀನೂ ಹಂಗ ಆಗತೈತೇನ್ರಿ?

ಉತ್ತರ: ಆಗುತ್ತದೆ. ಬಾಗಿಲು ಸಿಕ್ಕಿಕೊಂಡರೆ ಕಾಣುತ್ತದೆ, ಇದು ಕಾಣುವುದಿಲ್ಲ. ಮೇ ತಿಂಗಳಲ್ಲಿ ವಿಜಯಪುರದ ಒಣ ಬಿಸಿಲಿನಲ್ಲಿ ಝೀರೋ ಮಾಡಿದ (ಗುರಿಗೆ ಹೊಂದಿಸಿದ) ರೈಫಲ್ ಜುಲೈನಲ್ಲಿ ಖಾನಾಪುರಕ್ಕೆ ಬಂದರೆ ಮುಂಗಟ್ಟಿಗೆ (ಬ್ಯಾರಲ್ ಕೆಳಗಿನ ಕಟ್ಟಿಗೆ) ತೇವ ಹೀರಿ ತಿರುಚಿ ಬ್ಯಾರಲ್ಲಿಗೆ ಒಂದು ಕಡೆಯಿಂದ ಒತ್ತುತ್ತದೆ. ಗ್ರೂಪ್ ಚಿಕ್ಕದೇ ಇರಬಹುದು, ಬೀಳುವ ಜಾಗ ಬೇರೆ.

ಪರೀಕ್ಷೆ ಹೀಗೆ: ಬ್ಯಾರಲ್ಲಿಗೂ ಮುಂಗಟ್ಟಿಗೆಗೂ ನಡುವೆ ಪೋಸ್ಟ್‌ಕಾರ್ಡ್ ತೂರಿಸಿ ರಿಸೀವರ್ ತನಕ ಎಳೆಯಿರಿ. ಬ್ಯಾರಲ್ ಮುಟ್ಟದಂತೆ ಕಟ್ಟಿದ ರೈಫಲ್ ಆದರೆ ಎಲ್ಲೂ ತಡೆಯಬಾರದು. ಕೆಲವು ತಯಾರಕರು ಬೇಕೆಂದೇ ತುದಿಯಲ್ಲಿ ಒತ್ತು ಕೊಡುತ್ತಾರೆ. ಆಗ ತಡೆ ತುದಿಯಲ್ಲಿ ಮಾತ್ರ ಇರಬೇಕು, ಎಡಕ್ಕೊಂದು ಬಲಕ್ಕೊಂದು ಅಲ್ಲ. ನಂತರ ಬೆರಳನ್ನು ಬ್ಯಾರಲ್ ಮತ್ತು ಕಟ್ಟಿಗೆಯ ತುದಿ ಎರಡಕ್ಕೂ ತಾಗುವಂತೆ ಇಟ್ಟು, ಮುಂದಿನ ಆ್ಯಕ್ಷನ್ ಸ್ಕ್ರೂ ಸಡಿಲಿಸಿ ಮತ್ತೆ ಬಿಗಿಸಿ. ಬ್ಯಾರಲ್ ಸರಿದದ್ದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾದರೆ ಬೆಡ್ಡಿಂಗ್ (ಕಟ್ಟಿಗೆಯಲ್ಲಿ ಆ್ಯಕ್ಷನ್ ಕೂತ ರೀತಿ) ಸರಿಯಿಲ್ಲ, ಸ್ಕ್ರೂ ಆ್ಯಕ್ಷನ್ನನ್ನೇ ಬಗ್ಗಿಸುತ್ತಿದೆ. ಡಯಲ್ ಇಂಡಿಕೇಟರ್ ಇದ್ದರೆ 0.05 ಮಿ.ಮೀ. ಒಳಗೆ ಇರಲಿ.

ಟ್ಯಾಂಗಿನ (ರಿಸೀವರಿನ ಹಿಂತುದಿಯ ಬಾಲ) ಹಿಂದೆ ಅರ್ಧ ಮಿಲಿಮೀಟರಿನಷ್ಟು ಸಂದು ಇರಲೇಬೇಕು. ಇಲ್ಲದಿದ್ದರೆ ಪ್ರತಿ ಗುಂಡಿಗೂ ಟ್ಯಾಂಗು ಉಳಿಯಂತೆ ಕೆಲಸ ಮಾಡಿ ಕಟ್ಟಿಗೆ ಸೀಳುತ್ತದೆ. ಅಲ್ಲಿ ಕಟ್ಟಿಗೆ ಕಪ್ಪಾಗಿ, ಉಗುರು ಇಳಿಯುವಷ್ಟು ಮೆತ್ತಗಾಗಿದ್ದರೆ ವರ್ಷಗಟ್ಟಲೆ ಎಣ್ಣೆ ಕುಡಿದಿದೆ. ಎಣ್ಣೆ ಹಚ್ಚಿದ ಮೇಲೆ ಒಂದೆರಡು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಇದು ಆಗುವುದಿಲ್ಲ. ಪಿಲ್ಲರ್ (ಸ್ಕ್ರೂ ಸುತ್ತ ಕೂರಿಸುವ ಕೊಳವೆ) ಇಲ್ಲದ ಬರೀ ಕಟ್ಟಿಗೆಯಾದರೆ ಆ್ಯಕ್ಷನ್ ಸ್ಕ್ರೂಗಳಿಗೆ 4 ನ್ಯೂಟನ್ ಮೀಟರ್ ಸುತ್ತಮುತ್ತ ಬಿಗಿ ಸಾಕು. ಲೋಹದ ಪಿಲ್ಲರ್ ಇದ್ದರೆ 7ರ ತನಕ ಹೋಗಬಹುದು.

ಪ್ರಶ್ನೆ (ಬಾಗಲಕೋಟೆ): ಸರ್, ಮೂರು ಗುಂಡಿನ ಗ್ರೂಪ್ ಸುಳ್ಳು ಅಂತೀರಿ. ಕಂಪನಿಯವರೂ ಮೂರ ಗುಂಡಿಗೆ ಒಂದು ಎಂಓಎ ಗ್ಯಾರಂಟಿ ಅಂತ ಬರೀತಾರಲ್ರೀ?

ಉತ್ತರ: ಸುಳ್ಳಲ್ಲ, ಅರ್ಧ ಮಾತು. ಒಂದು ಎಂಓಎ (ಮಿನಿಟ್ ಆಫ್ ಆ್ಯಂಗಲ್, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ 100 ಮೀಟರಿಗೆ 29 ಮಿ.ಮೀ. ಒಂದು ರೈಫಲ್ಲಿನ ಮೂರು ಗುಂಡಿನ ಗ್ರೂಪ್ ಸರಾಸರಿ 25 ಮಿ.ಮೀ. ಎಂದಿಟ್ಟುಕೊಳ್ಳಿ. ಅದೇ ರೈಫಲ್, ಅದೇ ಕಾಡತೂಸು, ಐದು ಗುಂಡು ಹಾರಿಸಿದರೆ ಸರಾಸರಿ 32, ಹತ್ತಕ್ಕೆ 40. ರೈಫಲ್ ಕೆಟ್ಟಿಲ್ಲ, ಗುಂಡು ಹೆಚ್ಚಾದಷ್ಟು ಅಂಚಿಗೆ ಬೀಳುವ ಅವಕಾಶ ಹೆಚ್ಚುತ್ತದೆ ಅಷ್ಟೇ. ಇನ್ನು ಮೂರರ ಗ್ರೂಪ್‌ಗಳನ್ನೇ ಸಾಲಾಗಿ ಹಾರಿಸಿದರೆ ಒಂದು 12 ಬರುತ್ತದೆ, ಇನ್ನೊಂದು 42. ಮಾರುವವರ ಜೇಬಿನಲ್ಲಿ ಇರುವುದು ಯಾವುದು ಎಂದು ಹೇಳಬೇಕೇ?

ಜಮಖಂಡಿಯವರ 20 ಕಾಡತೂಸಿಗೆ ಲೆಕ್ಕ: ಎಲ್ಲ ಒಂದೇ ಲಾಟ್ ನಂಬರಿನವು ಇರಲಿ. ಎರಡು ಗುಂಡು ಬೋರಿನ ಎಣ್ಣೆ ಹೋಗಲು. ನಂತರ ಐದರ ಗ್ರೂಪ್ ಮೂರು, ಗುಂಡಿಗೂ ಗುಂಡಿಗೂ ಎರಡು ನಿಮಿಷ, ಗ್ರೂಪ್ ಮುಗಿದ ಮೇಲೆ ಬ್ಯಾರಲ್ ಕೈಗೆ ಪೂರ್ತಿ ತಣ್ಣಗಾಗುವವರೆಗೆ ಬಿಡುವು. ಉಳಿದ ಮೂರನ್ನು ಮೂರು ಬೇರೆ ದಿನ ಬೆಳಗ್ಗೆ, ತಣ್ಣಗಿನ ಬ್ಯಾರಲ್ಲಿನಿಂದ, ಒಂದೇ ಕಾಗದದ ಮೇಲೆ ಒಂದೊಂದು. ಬೇಟೆ ರೈಫಲ್ ಎಂದು ಕಟ್ಟಿದ್ದೇ ಆ ಮೊದಲ ಗುಂಡಿಗೆ. ಆ ಮೂರು ರಂಧ್ರ ಎಲ್ಲಿ ಬಿದ್ದವು, ಹದಿನೈದರ ಗ್ರೂಪಿನ ನಡುವಿನಿಂದ ಎಷ್ಟು ದೂರ ಎನ್ನುವುದರ ಮೇಲೆ ಬೆಲೆ ಕಟ್ಟಿ. ಮೂರೂ ಐದರ ಗ್ರೂಪ್‌ಗಳ ಸರಾಸರಿ 40 ಮಿ.ಮೀ. ಒಳಗಿದ್ದು, ತಣ್ಣನೆಯ ಗುಂಡುಗಳೂ ಅದರೊಳಗೇ ಬಿದ್ದರೆ ತೆಳು ಬ್ಯಾರಲ್ಲಿನ ಬೇಟೆ ರೈಫಲ್ಲಿಗೆ ಬಹಳ ಚೆನ್ನಾಗಿದೆ ಎಂಬುದು ನನ್ನ ಅಭಿಪ್ರಾಯ.

ಗ್ರೂಪಿನ ಆಕಾರವನ್ನೂ ಓದಿ. ಬ್ಯಾರಲ್ ಕಾದಂತೆ ಗುಂಡು ಒಂದೇ ದಿಕ್ಕಿಗೆ ನಡೆಯುತ್ತ ಹೋದರೆ ಕಟ್ಟಿಗೆ ಮುಟ್ಟುತ್ತಿದೆ, ಅಥವಾ ಬ್ಯಾರಲ್ ಉಕ್ಕಿನಲ್ಲಿ ಒತ್ತಡ ಉಳಿದಿದೆ. ಎರಡು ಪ್ರತ್ಯೇಕ ಗುಂಪುಗಳಾದರೆ ಏನೋ ಸಡಿಲ ಇದೆ, ಮೊದಲು ಸ್ಕೋಪ್ ಬೇಸಿನ ಸ್ಕ್ರೂ ನೋಡಿ, ಆಮೇಲೆ ಆ್ಯಕ್ಷನ್ ಸ್ಕ್ರೂ. ಮೇಲೆ ಕೆಳಗೆ ಉದ್ದವಾದರೆ ಕಾಡತೂಸಿನ ವೇಗ ಏರುಪೇರು, ಇಲ್ಲವೇ ಮರಳುಚೀಲದ ಮೇಲೆ ಇಡುವುದು ಪ್ರತಿ ಸಲ ಬೇರೆ. ಅಡ್ಡಕ್ಕೆ ಹರಡಿದರೆ ಗಾಳಿ ಮತ್ತು ನಿಮ್ಮ ಬೆರಳು.

ಪ್ರತಿಕ್ರಿಯೆ (ವಿಜಯಪುರ): ನಮ್ಮಲ್ಲಿ ಏಪ್ರಿಲ್‌ನಾಗ ಕಾಡತೂಸು ಬಿಸಲಾಗ ಇಟ್ರ ಬೋಲ್ಟ್ ಎತ್ತಾಕ ಜಡ ಆಗತೈತ್ರಿ. ರೈಫಲ್ ತಪ್ಪೋ?

ಉತ್ತರ: ಬಿಸಿ ಪೌಡರಿಗೆ ಒತ್ತಡ ಹೆಚ್ಚು. ಕಾಡತೂಸು ನೆರಳಿನಲ್ಲಿಟ್ಟು ಬೆಳಗ್ಗೆ ತಂಪಿನಲ್ಲಿ ಹಾರಿಸಿ ನೋಡಿ. ಆಗಲೂ ಜಡ ಇದ್ದರೆ ಹಾರಿಸುವುದು ನಿಲ್ಲಿಸಿ, ಚೇಂಬರ್ ಮತ್ತು ಲಗ್ ಒರಗುವ ಜಾಗ ತೋರಿಸಿ. ಅಲ್ಲಿ ಲಗ್ ಅಚ್ಚೊತ್ತಿ ಕುಳಿ ಬಿದ್ದಿದ್ದರೂ ಇದೇ ಲಕ್ಷಣ.

ಪ್ರಶ್ನೆ (ಗೋಕಾಕ): ನನ್ನ ಕಡೆ ಇಛಾಪುರ ರೈಫಲ್ ಕಾರ್ಖಾನಿಯ .315 ಐತಿ. ಐದು ಗುಂಡು ನಾಲ್ಕಿಂಚು ಬರತೈತಿ. ಕೆಟ್ಟೈತೇನ್ರಿ?

ಉತ್ತರ: ಇಲ್ಲ. ಅದರ ಆ್ಯಕ್ಷನ್ ಲೀ-ಎನ್‌ಫೀಲ್ಡ್ ವಂಶದ್ದು. ಲಗ್‌ಗಳು ಬೋಲ್ಟಿನ ಹಿಂಭಾಗದಲ್ಲಿ, ಕಟ್ಟಿಗೆ ಎರಡು ತುಂಡು. ಹೋಲಿಕೆ ಬೇಡ. ಕಟ್ಟಿಗೆಯ ಸ್ಕ್ರೂಗಳನ್ನೂ ಬಾಯಿಯ ಅಂಚನ್ನೂ ನೋಡಿಕೊಳ್ಳಿ, ಸಾಕು.

ಪ್ರಶ್ನೆ (ಜಮಖಂಡಿ): ಭಾಳ ಉಪಕಾರ ಆತ್ರಿ ಸರ್. ಟ್ರಿಗರ್, ಸ್ಕೋಪ್, ಕಾಗದಪತ್ರ, ಈ ಮೂರು ಹೇಳಿಬಿಡ್ರಿ.

ಉತ್ತರ: ಟ್ರಿಗರ್ ತೂಕ ಸ್ಪ್ರಿಂಗ್ ತಕ್ಕಡಿಯಲ್ಲಿ ಹತ್ತು ಸಲ ಅಳೆಯಿರಿ. ಒಂದೂಕಾಲರಿಂದ ಒಂದೂವರೆ ಕಿಲೋ ಒಳ್ಳೆಯದು, ಅದಕ್ಕಿಂತ ಮುಖ್ಯ ಹತ್ತೂ ಸಲ ಒಂದೇ ಬರುವುದು. ಖಾಲಿ ರೈಫಲ್ ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಎಳೆದು ಬಿಡಿ. ಈಗ ಬೆರಳು ದೂರವಿಟ್ಟು ಸೇಫ್ಟಿ ತೆಗೆಯಿರಿ. ಪಿನ್ ಬಿದ್ದರೆ ಆ ರೈಫಲ್ ಅಪಾಯಕಾರಿ. ಯಾರೋ ಹಗುರ ಮಾಡಲು ಸಿಯರ್ (ಪಿನ್ನನ್ನು ತಡೆಹಿಡಿಯುವ ಕೊಕ್ಕೆ) ಉಜ್ಜಿರಬಹುದು. ಬೋಲ್ಟ್ ಜೋರಾಗಿ ಮುಚ್ಚಿಯೂ, ಹಿಂಬದಿಯನ್ನು ರಬ್ಬರ್ ಚಾಪೆಗೆ ಕುಟ್ಟಿಯೂ ಇದೇ ನೋಡಿ.

ಇನ್ನೊಂದು, ಮೌಸರ್ 98ಕ್ಕೆ ಕಾಡತೂಸು ಮ್ಯಾಗಜೀನಿನಿಂದಲೇ ಹೋಗಬೇಕು. ಅದರ ಅಂಚು ಎಕ್ಸ್‌ಟ್ರಾಕ್ಟರಿನ (ಕಾಡತೂಸನ್ನು ಹೊರಗೆಳೆಯುವ ಪಟ್ಟಿ) ದೊಡ್ಡ ಉಗುರಿನ ಕೆಳಗೆ ತಾನೇ ಜಾರುತ್ತದೆ. ನೇರ ಚೇಂಬರಿಗೆ ಹಾಕಿ ಬೋಲ್ಟ್ ಬಡಿದರೆ ಆ ಉಗುರು ಮುರಿಯಬಹುದು. ಡಮ್ಮಿ ತುಂಬಿ, ಅರ್ಧ ತಳ್ಳಿ, ಹಿಂದಕ್ಕೆ ಎಳೆಯಿರಿ. ಉಗುರು ಹಿಡಿದುಕೊಂಡೇ ವಾಪಸ್ ತರಬೇಕು.

ಸ್ಕೋಪಿಗೆ ಗುಂಡು ಬೇಡ. ರೈಫಲ್ ಅಲುಗದಂತೆ ಕಟ್ಟಿ, 100 ಮೀಟರಿನಲ್ಲಿ ಅಳತೆಪಟ್ಟಿ ನಿಲ್ಲಿಸಿ. ಕಾಲು ಎಂಓಎ ಕ್ಲಿಕ್ಕಾದರೆ 40 ಕ್ಲಿಕ್ಕಿಗೆ ಗೆರೆ 291 ಮಿ.ಮೀ. ಸರಿಯಬೇಕು, ಹಿಂದಕ್ಕೆ 40 ತಿರುಗಿಸಿದರೆ ಹೊರಟಲ್ಲಿಗೇ ಬರಬೇಕು.

ಕಾಗದಪತ್ರ: ರಿಸೀವರಿನ ನಂಬರ್ ಮಾರುವವರ ಲೈಸೆನ್ಸಿನಲ್ಲಿರುವುದಕ್ಕೆ ಅಕ್ಷರ ಬಿಡದೆ ಹೊಂದಬೇಕು. ಅಕ್ಷರಗಳ ಅಂಚು ಮೊಂಡಾಗಿ, ಸ್ಕ್ರೂ ರಂಧ್ರಗಳ ಬಾಯಿ ತಗ್ಗಾಗಿದ್ದರೆ ತುಕ್ಕು ಉಜ್ಜಿ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ) ಮಾಡಿದ್ದಾರೆ, ಅದು ಬೆಲೆಯ ಮಾತು. ನಂಬರೇ ಉಜ್ಜಿದ್ದರೆ ಅದು ಅಪರಾಧದ ಮಾತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಹಿರಿಯರಿಂದ ಬಂದದ್ದೂ ಲೆಕ್ಕಕ್ಕೆ ಬರುತ್ತದೆ. ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು 45 ದಿನ ಕಳೆದ ಮೇಲೆಯೇ ಕೈ ಬದಲಾಗಬೇಕು. ವನ್ಯಜೀವಿ ಕಾಯ್ದೆಯಲ್ಲಿ ಬೇಟೆಗೆ ನಿಷೇಧ ಇರುವುದರಿಂದ ಇದು ಹೆಸರಿಗಷ್ಟೇ ಬೇಟೆ ರೈಫಲ್, ಹಾರಿಸುವುದು ಅನುಮತಿ ಇರುವ ರೇಂಜಿನಲ್ಲಿ ಮಾತ್ರ. ಮುಂಗಡ ಕೊಡುವ ಮೊದಲೇ ಮೇಜಿನ ಪರೀಕ್ಷೆ ಮುಗಿಸಿ, 45 ದಿನ ಕಾಯುವಾಗ ರೊಕ್ಕ ಅವರ ಕೈಯಲ್ಲಿದ್ದರೆ ಚೌಕಾಸಿಗೆ ಜಾಗ ಉಳಿಯುವುದಿಲ್ಲ.