ಒಬ್ಬರೇ ಬೈಕಿನಲ್ಲಿ ಹೊರದೇಶಕ್ಕೆ: ಲೋಡು, ಕಾರ್ನೆ, ಚೈನ್ ಲಿಂಕು

ಪ್ರಶ್ನೆ: ನಮಸ್ತೆ ಸರ್. 400 ಸಿಸಿ ಬೈಕಲ್ಲಿ ಒಬ್ಬನೇ ಏಳೆಂಟು ತಿಂಗಳು ಹಲವು ದೇಶ ಸುತ್ತೋಣ ಅಂತಿದ್ದೀನಿ. ಸರ್ವೀಸ್ ಆಗಿದೆ, ಟೈರ್ ಹೊಸದು. ಆದ್ರೆ ಮೂರೂ ಬಾಕ್ಸ್ ತುಂಬಿಸಿ ಓಡಿಸಿದರೆ 90 ದಾಟಿದ ಕೂಡಲೇ ಬೈಕ್ ತೂರಾಡುತ್ತೆ. ಸ್ಟೀರಿಂಗ್ ಬೇರಿಂಗ್ ಬದಲಾಯಿಸಬೇಕಾ? ಮತ್ತೆ ಕಾರ್ನೆ (ಸುಂಕ ಕಟ್ಟದೆ ಬೈಕನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯಲು ಠೇವಣಿ ಇಟ್ಟು ಪಡೆಯುವ ಕಸ್ಟಮ್ಸ್ ದಾಖಲೆ) ಎಲ್ಲಾ ದೇಶಕ್ಕೂ ಬೇಕಾ?

ಉತ್ತರ (ಮೆಕ್ಯಾನಿಕ್): ಬೇರಿಂಗಿಗೆ ಕೈ ಹಾಕುವ ಮುಂಚೆ ಟಾಪ್ ಬಾಕ್ಸ್ ಬಿಚ್ಚಿಟ್ಟು ಓಡಿಸಿ ನೋಡಿ. ತೂರಾಟ ನಿಂತರೆ ಕಾಯಿಲೆ ಲೋಡಿನದು. ಆ ಬಾಕ್ಸ್ ಹಿಂದಿನ ಆಕ್ಸಲ್‌ಗಿಂತ ಹಿಂದೆ, ಅದೂ ಎತ್ತರದಲ್ಲಿ ಕೂತಿರುತ್ತದೆ. ಅಲ್ಲಿ ತೂಕ ಏರಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಟೂಲ್ಸ್, ಟ್ಯೂಬ್, ನೀರು ಇವೆಲ್ಲ ಸೈಡ್ ಬಾಕ್ಸಿನ ತಳದಲ್ಲಿ, ಆದಷ್ಟು ಮುಂದಕ್ಕೆ. ಟಾಪ್ ಬಾಕ್ಸಿಗೆ ಸ್ಲೀಪಿಂಗ್ ಬ್ಯಾಗ್, ಜಾಕೆಟ್ ಸಾಕು.

ಆಮೇಲೆ ಪ್ರಿಲೋಡ್, ಅಂದರೆ ಸಸ್ಪೆನ್ಷನ್ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿ ಬಿಗಿ ಮಾಡಿಟ್ಟಿದೆ ಅನ್ನುವುದು. ಪೂರ್ತಿ ಸಾಮಾನು ಹೇರಿ, ರೈಡಿಂಗ್ ಗೇರ್ ಹಾಕಿಕೊಂಡು ನೀವು ಕೂತಾಗ ಹಿಂದಿನ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಕುಸಿಯಬೇಕು. ಪ್ರಿಲೋಡ್ ಕೊನೇತನಕ ಬಿಗಿ ಮಾಡಿದರೂ ಅದಕ್ಕಿಂತ ಹೆಚ್ಚು ಕುಸಿದರೆ ಸ್ಪ್ರಿಂಗ್ ಸಾಲದು ಅಥವಾ ಸಾಮಾನು ಜಾಸ್ತಿ. ನನ್ನನ್ನು ಕೇಳಿದರೆ ಸಾಮಾನೇ ಜಾಸ್ತಿ. ಹಿಂದಿನ ಟೈರಿಗೆ ಮ್ಯಾನ್ಯುಯಲ್‌ನಲ್ಲಿ ಇಬ್ಬರಿಗೆಂದು ಕೊಟ್ಟಿರುವಷ್ಟು ಗಾಳಿ, ಟೈರ್ ತಣ್ಣಗಿದ್ದಾಗ ಹಿಡಿಸಿ. ಇಷ್ಟಾದ ಮೇಲೂ ತೂರಾಡಿದರೆ ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನೇರಕ್ಕೆ ಬಂದಾಗ ಕಚಕ್ಕನೆ ಗುಂಡಿಗೆ ಬಿದ್ದ ಹಾಗೆ ಕೂತರೆ ಬೇರಿಂಗ್ ಹೋಗಿದೆ.

ಉತ್ತರ (ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದವರು): ಕಾರ್ನೆ ಎಲ್ಲಾ ಕಡೆ ಬೇಡ. ಇರಾನ್, ಈಜಿಪ್ಟ್ ಥರದ ದೇಶಗಳು ಕೇಳುತ್ತವೆ. ದಕ್ಷಿಣ ಅಮೆರಿಕದ ಬಹುತೇಕ ಗಡಿಗಳಲ್ಲಿ ತಾತ್ಕಾಲಿಕ ಆಮದು ಪರವಾನಗಿ ಸ್ಥಳದಲ್ಲೇ ಸಿಗುತ್ತದೆ. ಆ ಪರವಾನಗಿಯ ಅವಧಿಯೂ ನಿಮ್ಮ ವೀಸಾ ಅವಧಿಯೂ ಒಂದೇ ಅಂದುಕೊಳ್ಳಬೇಡಿ. ನಿಮಗೆ ದಿನ ಉಳಿದಿದ್ದು ಬೈಕಿಗೆ ಮುಗಿದಿರಬಹುದು.

ಕಾರ್ನೆಯ ಆಯುಸ್ಸು ಒಂದು ವರ್ಷ. ಒಂದೊಂದು ಹಾಳೆಯಲ್ಲೂ ಮೂರು ತುಂಡು. ಒಳಗೆ ಹೋಗುವಾಗ ಒಂದನ್ನು ಕಸ್ಟಮ್ಸ್‌ನವರು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದನ್ನು. ನಿಮ್ಮ ಬಳಿ ಉಳಿಯುವ ತುಂಡಿನ ಮೇಲೆ ಎರಡೂ ಮುದ್ರೆ ಇರಬೇಕು. ಹೊರಹೋಗುವ ಮುದ್ರೆ ಇಲ್ಲದಿದ್ದರೆ ಬೈಕ್ ಅಲ್ಲೇ ಮಾರಾಟವಾಯಿತು ಎಂದೇ ಲೆಕ್ಕ; ಸುಂಕ ನಿಮ್ಮ ಠೇವಣಿಗೆ ಬೀಳುತ್ತದೆ. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತೆಂದು ಹೊರಟುಬಿಡಬೇಡಿ, ಕಸ್ಟಮ್ಸ್ ಕಿಟಕಿ ಬೇರೆಯೇ ಇರುತ್ತದೆ. ಜತೆಗೆ ಚಾಸಿ ನಂಬರನ್ನು ಬೈಕಿನ ಮೇಲಿನ ಅಚ್ಚಿಗೆ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡಿ. 17 ಅಕ್ಷರಾಂಕಿಯ ನಂಬರಿನಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ; ಕಾಗದದಲ್ಲಿ ಒ ಕಂಡರೆ ಟೈಪ್ ಮಾಡಿದವರು ಸೊನ್ನೆಯನ್ನು ತಪ್ಪಾಗಿ ಹೊಡೆದಿದ್ದಾರೆ.

ಪ್ರಶ್ನೆ: ಬಿಡಿಭಾಗ ಏನೇನು ಒಯ್ಯಬೇಕು ಸರ್?

ಉತ್ತರ (ಮೆಕ್ಯಾನಿಕ್): ಕಡಿಮೆ. ಕ್ಲಚ್ ಕೇಬಲ್ ಹೊಸದನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಡಿ. ತುಂಡಾದಾಗ ಎರಡು ತುದಿ ಬದಲಾಯಿಸಿದರೆ ಆಯಿತು. ಟ್ಯೂಬ್ ಟೈರಾದರೆ, ಮುಂದಿನದು 21 ಇಂಚಾಗಿದ್ದರೆ, ಆ ಒಂದು ಟ್ಯೂಬ್ ಸಾಕು. ಹಿಂದಿನ 17 ಅಥವಾ 18 ಇಂಚಿನ ಚಕ್ರಕ್ಕೂ ಮುಂದಿನ ಊರಿನವರೆಗೆ ಹೇಗೋ ತುರುಕಿ ಹೋಗಬಹುದು.

ಚೈನಿಗೆ ಅದೇ ಕಂಪನಿಯ, ಅದೇ ಅಳತೆಯ (520 ಅಥವಾ 525) ಕ್ಲಿಪ್ ಲಿಂಕ್ (ತುಂಡಾದ ಚೈನಿನ ತುದಿಗಳನ್ನು ಜೋಡಿಸುವ ಕೊಂಡಿ) ಎರಡು. ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ತಿರುಗಿಸಿ ಹಾಕಿದರೆ ತೆರೆದ ಬಾಯಿ ಏನಾದರೂ ತಗುಲಿ ಕಿತ್ತು ಹೋಗುತ್ತದೆ. ಇನ್ನೊಂದು ಪುಟ್ಟ ಮಲ್ಟಿಮೀಟರ್. ಎಂಜಿನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ 4000–5000 ಆರ್‌ಪಿಎಂನಲ್ಲಿ 13.8ರಿಂದ 14.5. 13ರ ಕೆಳಗೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುವ ಮುಂಚೆ ನಿಲ್ಲಿಸಿ.

ಪ್ರಶ್ನೆ (ಇನ್ನೊಬ್ಬರು): ನನ್ನ ಎತ್ತರ ಐದಡಿ ಎರಡಿಂಚು. ಯಾರೂ ಇಲ್ಲದ ಕಡೆ ಬೈಕ್ ಬಿದ್ದರೆ ಎತ್ತೋದು ಹೇಗೆ ಸರ್?

ಉತ್ತರ (ಮೆಕ್ಯಾನಿಕ್): ಇದನ್ನು ಹೊರಡುವ ಮುಂಚೆ ಸಾಮಾನು ಹೇರಿಯೇ ಕಲಿತುಕೊಳ್ಳಿ ಮೇಡಂ. ಎಂಜಿನ್ ಆಫ್, ಗೇರ್‌ನಲ್ಲಿರಲಿ, ಬಾಕ್ಸ್ ಬಿಚ್ಚಿ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆಳೆದಿಡಿ, ಎತ್ತಿದ ರಭಸಕ್ಕೆ ಆಚೆ ಬದಿಗೆ ಮಗುಚುವುದು ತಪ್ಪುತ್ತದೆ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಮಾಡಿ, ಸೊಂಟದ ಕೆಳಭಾಗವನ್ನು ಸೀಟಿನ ಅಂಚಿಗೆ ಒತ್ತಿ ಕುಕ್ಕರಿಸಿ. ಒಂದು ಕೈಯಲ್ಲಿ ಕೆಳಗಿನ ಹ್ಯಾಂಡಲ್ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ಫ್ರೇಮ್ ಕಂಬಿ. ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋಗಿ. ತೋಳಿನಿಂದ ಎಳೆದರೆ ಬೈಕ್ ಏಳಲ್ಲ, ಸೊಂಟ ಹಿಡಿಯುತ್ತೆ. ಇಳಿಜಾರಿನಲ್ಲಿ ಚಕ್ರ ಮೇಲ್ಮುಖವಾಗಿ ಬಿದ್ದಿದ್ದರೆ ಎತ್ತಲು ಹೋಗಬೇಡಿ. ಮೊದಲು ಎಳೆದು ತಿರುಗಿಸಿ, ಚಕ್ರ ತಗ್ಗಿನ ಕಡೆ ಬರಲಿ.

ಪ್ರಶ್ನೆ: ವಿಮಾನದಲ್ಲಿ ಕಳಿಸೋದಾದ್ರೆ?

ಉತ್ತರ (ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದವರು): ದುಡ್ಡು ಹೋಗುವುದು ಬೈಕಿನ ತೂಕಕ್ಕಿಂತ ಪೆಟ್ಟಿಗೆಯ ಗಾತ್ರಕ್ಕೆ. ಒಂದು ಘನ ಮೀಟರ್ ಜಾಗವನ್ನು 167 ಕಿಲೋ ಎಂದು ಹಿಡಿಯುತ್ತಾರೆ. ಮುಂದಿನ ಚಕ್ರ, ಕನ್ನಡಿ, ವಿಂಡ್‌ಶೀಲ್ಡ್ ಬಿಚ್ಚಿ ಪೆಟ್ಟಿಗೆ ಗಿಡ್ಡ ಮಾಡಿಸಿ. ಪೆಟ್ರೋಲ್ ಕಾಲು ಟ್ಯಾಂಕ್ ಮೀರುವಂತಿಲ್ಲ, ಪೂರ್ತಿ ಖಾಲಿ ಮಾಡಿಸಿ ಅನ್ನುವವರೂ ಇದ್ದಾರೆ. ಬ್ಯಾಟರಿ ವೈರ್ ಬಿಚ್ಚಿ ಟೇಪ್ ಸುತ್ತಿ. ಅಡುಗೆಯ ಗ್ಯಾಸ್ ಡಬ್ಬಿ ಬೈಕಿನ ಬಾಕ್ಸಿನಲ್ಲಿ ಮರೆತಿದ್ದರೆ ಇಡೀ ಪೆಟ್ಟಿಗೆ ತಡೆಹಿಡಿಯುತ್ತಾರೆ. ಆಕ್ಸಲ್ ಬಿಚ್ಚಿದ ಸ್ಪ್ಯಾನರ್ ಪೆಟ್ಟಿಗೆಯೊಳಗೇ ಇರಲಿ. ಅಲ್ಲಿನ ಗೋದಾಮಿನಲ್ಲಿ ಚಕ್ರ ಜೋಡಿಸಬೇಕಾದವರು ನೀವೇ.