ಅಪ್‌ಡೇಟ್: ದವಡೆ ಕೀಲಿನ ನೋವು ಮತ್ತು ದೇಹದ ಭಂಗಿ

ನನ್ನ ದವಡೆ ಕೀಲಿನ ನೋವಿಗೆ ದೇಹದ ಭಂಗಿಯೇ ಕಾರಣವಿರಬಹುದೇ ಎಂದು ಕೇಳಿದ್ದೆ, ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ದಂತವೈದ್ಯರೂ ಫಿಸಿಯೋಥೆರಪಿಸ್ಟರೂ ವಿವರಿಸಿದಂತೆ, ತಲೆಯನ್ನು ಮುಂದಕ್ಕೆ ಚಾಚಿದಾಗ ಕೆಳದವಡೆಯ ವಿಶ್ರಾಂತ ಸ್ಥಿತಿ ಬದಲಾಗುತ್ತದೆ. ಅಲ್ಲದೆ, ಮುಖದ ಟ್ರೈಜೆಮಿನಲ್ ನರ ಹಾಗೂ ಕತ್ತಿನ ಮೇಲಿನ 3 ನರಗಳು ಹೊತ್ತು ತರುವ ನೋವಿನ ಸಂಕೇತಗಳು ಮಿದುಳುಕಾಂಡದ ಕೆಳಭಾಗದಲ್ಲಿ ಒಂದೆಡೆ ಸೇರುವುದರಿಂದ, ಕತ್ತಿನ ನೋವು ದವಡೆಯಲ್ಲೂ ದವಡೆಯ ನೋವು ಕತ್ತಿನಲ್ಲೂ ಅನುಭವಕ್ಕೆ ಬರಬಹುದು. ಆದರೆ ಸೊಂಟ, ಪಾದಗಳವರೆಗಿನ ಇಡೀ ಭಂಗಿಯೇ ಇದಕ್ಕೆ ಮೂಲವೆನ್ನಲು ಇರುವ ಪುರಾವೆ ದುರ್ಬಲ. ಹಲ್ಲುಗಳನ್ನು ತೇಯಿಸಿ ಕಚ್ಚುವಿಕೆಯನ್ನು (ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ರೀತಿಯನ್ನು) ಶಾಶ್ವತವಾಗಿ ಬದಲಿಸಿಕೊಳ್ಳುವಂತೆ ಬಂದ ಸಲಹೆಯನ್ನು, ಅದನ್ನು ಹಿಂತಿರುಗಿಸಲಾಗದು ಎಂಬ ಕಾರಣಕ್ಕಾಗಿಯೇ, ನಾನು ಒಪ್ಪಲಿಲ್ಲ. ಹಲ್ಲುಗಳು ಪರಸ್ಪರ ತಾಗದಂತೆ ದವಡೆಯನ್ನು ಸಡಿಲವಾಗಿಡುವ ಅಭ್ಯಾಸ ಮತ್ತು ಕತ್ತಿನ ವ್ಯಾಯಾಮಗಳಿಂದ ನೋವು ಬಹಳ ತಗ್ಗಿದೆ. ಬಾಯಿ ತೆರೆಯುವಾಗಿನ ಸದ್ದು ಉಳಿದಿದೆ. ನೋವಿಲ್ಲದ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.